ಯಾವ ಸಿಸ್ಟಮ್‌ನಲ್ಲಿ ಕೂತರೂ ನನ್ನ ಆಟೋಕ್ಯಾಡ್ ಸೆಟ್ಟಿಂಗ್ಸ್ ಬರಬೇಕು, ಹೇಗೆ?

ಪ್ರಶ್ನೆ: ನಮ್ಮದು ಚಿಕ್ಕ ಆರ್ಕಿಟೆಕ್ಟ್ ಆಫೀಸು, ಡ್ರಾಯಿಂಗ್ ಮಾಡುವುದು ಆಟೋಕ್ಯಾಡ್ ಸಾಫ್ಟ್‌ವೇರ್‌ನಲ್ಲಿ. ಐದು ಸಿಸ್ಟಮ್, ಏಳು ಜನ. ಖಾಲಿ ಇದ್ದ ಕಡೆ ಕೂತು ಕೆಲಸ ಮಾಡುತ್ತೇವೆ. ಡ್ರಾಯಿಂಗ್‌ಗಳೆಲ್ಲ ಸರ್ವರ್‌ನಲ್ಲಿವೆ. ಆದರೆ ಸೀಟು ಬದಲಾದ ದಿನ ನನ್ನ ಟೂಲ್‌ಬಾರ್, ಶಾರ್ಟ್‌ಕಟ್, ಸ್ನ್ಯಾಪ್ (ಕರ್ಸರ್ ಗೆರೆಯ ತುದಿಗೋ ಮಧ್ಯಕ್ಕೋ ತಾನಾಗಿ ಅಂಟುವುದು) ಯಾವುದೂ ಇರುವುದಿಲ್ಲ. ಸೆಟ್ಟಿಂಗ್ಸ್ ಎಲ್ಲವನ್ನೂ ಸರ್ವರ್‌ಗೆ ಹಾಕಿಬಿಟ್ಟರೆ ಸರಿಹೋಗುತ್ತಾ?

ಎಲ್ಲವನ್ನೂ ಹಾಕಬೇಡಿ. ನಾನು ಮೊದಲು ಕೆಲಸ ಮಾಡಿದ ಆಫೀಸಿನಲ್ಲಿ ಹಾಗೇ ಮಾಡಿದ್ದೆವು. ಒಂದು ಬೆಳಿಗ್ಗೆ ದುಂಡು ಕಾಲಮ್ ಹಾಕೋಣ ಅಂತ ‘ಸಿ’ ಒತ್ತಿ ಎಂಟರ್ ಹೊಡೆದೆ. ಸರ್ಕಲ್ ಬರಬೇಕಿತ್ತು. ಕಮಾಂಡ್ ಲೈನ್ ನೋಡಿದರೆ ‘ಸೆಲೆಕ್ಟ್ ಆಬ್ಜೆಕ್ಟ್ಸ್’ ಅಂತಿದೆ! ಹಿಂದಿನ ದಿನ ಸಂಜೆ ಯಾರೋ ‘ಸಿ’ಗೆ ಕಾಪಿ ಕಮಾಂಡ್ ಕೊಟ್ಟು ಮನೆಗೆ ಹೋಗಿದ್ದರು. ಅವರಿಗೆ ಅದು ಅನುಕೂಲ. ಉಳಿದವರೆಲ್ಲ ಮಧ್ಯಾಹ್ನದವರೆಗೂ ಕಾಪಿ ಮಾಡಿದ್ದೇ ಮಾಡಿದ್ದು.

ಸೆಟ್ಟಿಂಗ್ಸ್ ಅಂತ ನಾವು ಒಟ್ಟಿಗೆ ಕರೆಯುವುದರಲ್ಲಿ ಕೆಲವು ನಿಮ್ಮವು, ಕೆಲವು ಆಫೀಸಿನವು. ಇನ್ನು ಕೆಲವು ಆ ಡ್ರಾಯಿಂಗ್‌ನವೇ. ಈ ಮೂರನೆಯದನ್ನು ಜನ ಮರೆಯುತ್ತಾರೆ. ಡ್ಯಾಶ್ ಗೆರೆ ಒಂದು ಫೈಲ್‌ನಲ್ಲಿ ಸರಿಯಾಗಿ ಕಾಣುತ್ತದೆ, ಇನ್ನೊಂದರಲ್ಲಿ ಸುಮ್ನೆ ನೇರ ಗೆರೆಯಾಗಿರುತ್ತದೆ. ಆಗ ‘ಈ ಸಿಸ್ಟಮ್ಮೇ ಸರಿಯಿಲ್ಲ’ ಅಂತೀವಿ. ಪಾಪ, ಸಿಸ್ಟಮ್ ಏನೂ ಮಾಡಿರುವುದಿಲ್ಲ. ಲೈನ್‌ಟೈಪ್ ಸ್ಕೇಲ್ ಉಳಿಯುವುದು ಡ್ರಾಯಿಂಗ್ ಫೈಲ್ ಒಳಗೆ. ಮಿರರ್ ಮಾಡಿದಾಗ ಅಕ್ಷರ ಉಲ್ಟಾ ಆಗಬೇಕೋ ಬೇಡವೋ ಅನ್ನುವುದೂ ಅಲ್ಲೇ. ಇಂಥವನ್ನು ಆಫೀಸಿನ ಟೆಂಪ್ಲೇಟ್ ಫೈಲ್‌ನಲ್ಲಿ ಒಮ್ಮೆ ಸರಿಮಾಡಿಟ್ಟರೆ, ಅದರಿಂದ ಶುರುಮಾಡುವ ಹೊಸ ಡ್ರಾಯಿಂಗ್‌ಗಳಲ್ಲಿ ಈ ತಲೆನೋವು ಇರುವುದಿಲ್ಲ.

ಈಗ ನಿಮ್ಮದಕ್ಕೆ ಬರೋಣ. ಯಾವ ಸ್ನ್ಯಾಪ್ ಆನ್ ಇರಬೇಕು, ಕರ್ಸರ್ ಎಷ್ಟು ದೊಡ್ಡದು, ಹಿನ್ನೆಲೆ ಕಪ್ಪೋ ಬಿಳಿಯೋ, ಇವೆಲ್ಲ ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್ಸ್ ಬರೆದಿಡುವ ಜಾಗ) ಕೂರುತ್ತವೆ, ಅದೂ ಲಾಗಿನ್ ಆದವರ ಹೆಸರಿನ ಭಾಗದಲ್ಲಿ. ಮೆನು ಮತ್ತು ಟೂಲ್‌ಬಾರ್‌ಗಳ ಸಿಯುಐಎಕ್ಸ್ ಫೈಲ್, ಶಾರ್ಟ್‌ಕಟ್‌ಗಳ ಪಿಜಿಪಿ ಫೈಲ್ ಇರುವುದು ನಿಮ್ಮ ಯೂಸರ್ ಫೋಲ್ಡರ್‌ನ ಆಪ್‌ಡೇಟಾ ಒಳಗಿನ ರೋಮಿಂಗ್‌ನಲ್ಲಿ. ಅಂದರೆ ಆಟೋಕ್ಯಾಡ್ ನಿಮ್ಮನ್ನು ಗುರುತು ಹಿಡಿಯುವುದು ವಿಂಡೋಸ್ ಲಾಗಿನ್‌ನಿಂದ. ಎಲ್ಲರೂ ‘ಆಫೀಸ್’ ಅಂತ ಒಂದೇ ಹೆಸರಲ್ಲಿ ಲಾಗಿನ್ ಆದರೆ ಅದರ ಕಣ್ಣಿಗೆ ಏಳು ಜನವೂ ಒಬ್ಬರೇ.

ಆದ್ದರಿಂದ ಮೊದಲ ಕೆಲಸ ಪ್ರತಿಯೊಬ್ಬರಿಗೂ ಬೇರೆ ಲಾಗಿನ್. ಸರ್ವರ್‌ನಲ್ಲಿ ವಿಂಡೋಸ್ ಡೊಮೇನ್, ಅಂದರೆ ಎಲ್ಲ ಸಿಸ್ಟಮ್‌ಗಳ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ ಏಳು ಲಾಗಿನ್ ಸಾಕು. ಅದರ ಜೊತೆ ರೋಮಿಂಗ್ ಪ್ರೊಫೈಲ್ ಆನ್ ಮಾಡಿಸಿದರೆ ಆ ಫೋಲ್ಡರ್ ಮತ್ತು ರಿಜಿಸ್ಟ್ರಿ ಭಾಗ ನಿಮ್ಮ ಹಿಂದೆಯೇ ಸೀಟಿಂದ ಸೀಟಿಗೆ ಬರುತ್ತವೆ. ನೀವು ಕೇಳಿದ್ದಕ್ಕೆ ನೇರ ಉತ್ತರ ಇದೇ. ಆದರೆ ಐದೂ ಸಿಸ್ಟಮ್‌ನಲ್ಲಿ ಆಟೋಕ್ಯಾಡ್‌ನ ಒಂದೇ ವರ್ಷನ್ ಇರಬೇಕು. 2022ಕ್ಕೆ ಬೇರೆ ಫೋಲ್ಡರ್, 2024ಕ್ಕೆ ಬೇರೆ. ಒಂದರ ಟೂಲ್‌ಬಾರ್ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ.

ಡೊಮೇನ್ ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಏಳು ಜನ, ಐದು ಸಿಸ್ಟಮ್, ಒಟ್ಟು 35 ಲಾಗಿನ್! ಯಾರು ಮಾಡುತ್ತಾ ಕೂರುತ್ತಾರೆ? ನೀವು ಜಾಸ್ತಿ ಕೂರುವ ಎರಡು ಸೀಟಿನಲ್ಲಿ ಮಾತ್ರ ಲಾಗಿನ್ ಮಾಡಿಸಿಕೊಳ್ಳಿ. ಸ್ಟಾರ್ಟ್ ಮೆನುವಿನ ಆಟೋಕ್ಯಾಡ್ ಫೋಲ್ಡರ್‌ನಲ್ಲಿ ಸೆಟ್ಟಿಂಗ್ಸ್ ಎಕ್ಸ್‌ಪೋರ್ಟ್ ಮಾಡುವ ಸಾಲೊಂದಿದೆ, ಅದು ಎಲ್ಲವನ್ನೂ ಒಂದು ಜಿಪ್ ಫೈಲ್ ಮಾಡಿ ಕೊಡುತ್ತದೆ. ಇನ್ನೊಂದು ಸೀಟಿನಲ್ಲಿ ಅದನ್ನು ಇಂಪೋರ್ಟ್ ಮಾಡಿದರಾಯಿತು. ಆ ಜಿಪ್ ಅನ್ನು ಸರ್ವರ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್‌ನಲ್ಲೂ ಇಟ್ಟಿರಿ. ವಿಂಡೋಸ್ ಫಾರ್ಮ್ಯಾಟ್ ಆದ ದಿನ ಬೇಕಾಗುತ್ತದೆ.

‘ಆಟೋಕ್ಯಾಡ್‌ನ ಆಪ್ಷನ್ಸ್‌ನಲ್ಲಿ ಪ್ರೊಫೈಲ್ಸ್ ಅಂತ ಟ್ಯಾಬ್ ಇದೆಯಲ್ಲ, ಅಲ್ಲಿಂದ ನಮ್ಮ ಪ್ರೊಫೈಲನ್ನು ಎಆರ್‌ಜಿ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಸಾಲದಾ?’ ಅಂತ ಕೇಳುವವರಿದ್ದಾರೆ. ಸಾಲದು. ನಾನೂ ಇದರಲ್ಲಿ ಬೇಸ್ತು ಬಿದ್ದವನೇ. ಎಆರ್‌ಜಿ ಫೈಲ್‌ನಲ್ಲಿ ಸ್ನ್ಯಾಪ್, ಬಣ್ಣಗಳಂಥವು ಇರುತ್ತವೆ, ನಿಜ. ಆದರೆ ಟೂಲ್‌ಬಾರ್, ಶಾರ್ಟ್‌ಕಟ್‌ಗಳ ವಿಷಯಕ್ಕೆ ಬಂದರೆ ಅದರಲ್ಲಿರುವುದು ಬರೀ ಅಡ್ರೆಸ್ಸು, ಸಾಮಾನಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಇಂಥ ಡ್ರೈವ್‌ನ ಇಂಥ ಫೋಲ್ಡರ್ ಅಂತ ಸಾಲುಸಾಲಾಗಿ ಬರೆದಿರುತ್ತದೆ. ಇನ್ನೊಂದು ಸಿಸ್ಟಮ್‌ನಲ್ಲಿ ಆ ಫೋಲ್ಡರೇ ಇಲ್ಲದಿದ್ದರೆ ಅದು ತಾನೇ ಏನು ಮಾಡೀತು? ಹಾಗಂತ ಪ್ರೊಫೈಲ್ ದಂಡ ಅಲ್ಲ. ಎಲ್ಲರೂ ಒಂದೇ ಲಾಗಿನ್ ಬಳಸಲೇಬೇಕಾದ ಕಡೆ ಡೆಸ್ಕ್‌ಟಾಪ್‌ನಲ್ಲಿ ನಿಮ್ಮ ಹೆಸರಿನದೊಂದು ಐಕಾನ್ ಮಾಡಿ. ಅದರ ಟಾರ್ಗೆಟ್ ಸಾಲಿನ ಕೊನೆಗೆ ಸ್ಲ್ಯಾಶ್ ಪಿ ಹಾಕಿ, ಪಕ್ಕದಲ್ಲಿ ಪ್ರೊಫೈಲ್ ಹೆಸರು ಬರೆಯಿರಿ. ಆ ಐಕಾನ್ ಒತ್ತಿದರೆ ನಿಮ್ಮ ಪ್ರೊಫೈಲ್‌ನಲ್ಲೇ ತೆರೆಯುತ್ತದೆ.

ಹಾಗಾದರೆ ಸರ್ವರ್‌ನಲ್ಲಿ ಏನಿಡಬೇಕು? ಟೆಂಪ್ಲೇಟ್, ಟೈಟಲ್ ಬ್ಲಾಕ್ (ಶೀಟಿನಲ್ಲಿ ಹೆಸರು, ವಿವರ ಬರೆಯುವ ಚೌಕ), ಪ್ಲಾಟ್ ಅಂದರೆ ಪ್ರಿಂಟ್ ಮಾಡುವಾಗಿನ ಪೆನ್ ದಪ್ಪದ ಸಿಟಿಬಿ ಫೈಲ್, ಫಾಂಟ್‌ಗಳು. ಇಷ್ಟರಲ್ಲಿ ಎಲ್ಲರ ಶೀಟೂ ಒಂದೇ ಥರ ಬರಲೇಬೇಕು, ಅಲ್ವಾ? ಆ ಫೋಲ್ಡರ್‌ಗೆ ಬರೆಯುವ ಹಕ್ಕು ಒಬ್ಬರಿಗೆ ಮಾತ್ರ ಇರಲಿ, ಉಳಿದವರಿಗೆ ಓದಲು ಸಾಕು. ಆಫೀಸಿನದೇ ಟೂಲ್‌ಬಾರ್ ಬೇಕಿದ್ದರೆ ಆ ಸಿಯುಐಎಕ್ಸ್ ಅನ್ನು ಆಪ್ಷನ್ಸ್‌ನಲ್ಲಿ ‘ಎಂಟರ್‌ಪ್ರೈಸ್’ ಅನ್ನುವ ಜಾಗದಲ್ಲಿ ಕೊಡಿ. ಆಗ ಎಲ್ಲರಿಗೂ ಕಾಣುತ್ತದೆ, ಆದರೆ ಯಾರೂ ಕೆಡಿಸಲಾರರು. ‘ಮೇನ್’ ಅನ್ನುವ ಜಾಗದಲ್ಲಿ ಪ್ರತಿಯೊಬ್ಬರ ಸ್ವಂತ ಫೈಲೇ ಇರಲಿ.

ಶಾರ್ಟ್‌ಕಟ್‌ಗಳನ್ನೂ ಒಂದೇ ಮಾಡಬೇಕು ಅಂತ ಹಟ ಹಿಡಿಯುವ ಬಾಸ್‌ಗಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಲೇಯರ್ ಹೆಸರು ಆಫೀಸಿನದು, ಬೆರಳಿನ ರೂಢಿ ನನ್ನದು. ಆದರೆ ಒಂದು ಕಡೆ ಗಮನವಿರಲಿ. ಸಪೋರ್ಟ್ ಫೈಲ್ ಸರ್ಚ್ ಪಾತ್ ಅನ್ನುವ ಫೋಲ್ಡರ್‌ಗಳ ಪಟ್ಟಿಯನ್ನು ಆಟೋಕ್ಯಾಡ್ ಮೇಲಿಂದ ಕೆಳಗೆ ಹುಡುಕುತ್ತದೆ, ಮೊದಲು ಸಿಕ್ಕ ಪಿಜಿಪಿಯನ್ನೇ ಓದುತ್ತದೆ. ಸರ್ವರ್ ಫೋಲ್ಡರ್ ಮೇಲಿದ್ದು ಅದರಲ್ಲೊಂದು ಪಿಜಿಪಿ ಇದ್ದರೆ ನಿಮ್ಮದನ್ನು ಮುಟ್ಟುವುದೇ ಇಲ್ಲ. ನಿಮ್ಮ ಫೋಲ್ಡರ್ ಮೇಲಿರಲಿ. ನಿಮ್ಮ ಶಾರ್ಟ್‌ಕಟ್‌ಗಳನ್ನು ಪಿಜಿಪಿ ಫೈಲ್‌ನ ಕೊನೆಯಲ್ಲಿ ಬರೆಯಿರಿ. ಒಂದೇ ಅಕ್ಷರಕ್ಕೆ ಎರಡು ಸಾಲಿದ್ದರೆ ನಡೆಯುವುದು ಕೊನೆಯದ್ದೇ.

ಏನನ್ನಾದರೂ ಬದಲಿಸುವ ಮೊದಲು ಆಪ್ಷನ್ಸ್‌ನ ಫೈಲ್ಸ್ ಟ್ಯಾಬ್ ತೆರೆದು ಮೇನ್ ಕಸ್ಟಮೈಸೇಷನ್ ಫೈಲ್ ಎದುರಿನ ದಾರಿ ಓದಿ. ಅದರ ಮಧ್ಯೆ ನಿಮ್ಮ ಲಾಗಿನ್ ಹೆಸರು ಇದೆಯಾ, ಇಲ್ಲ ಇನ್ಯಾರದ್ದೋ ಇದೆಯಾ ನೋಡಿಕೊಳ್ಳಿ. ನಮ್ಮ ಆಫೀಸಿನಲ್ಲಿ ನೋಡಿದಾಗ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಹೆಸರಿತ್ತು.