ಬೋರ್: ಗನ್ ಲೈಸೆನ್ಸಿನಲ್ಲಿ ಉಳಿದೆಲ್ಲವನ್ನೂ ತೀರ್ಮಾನಿಸುವ ಅಂಕಣ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೋರ್ ಅಂದರೆ ಮೊದಲು ನೆನಪಾಗುವುದು ಹೊಲದ ಕೊಳವೆಬಾವಿ. ಗನ್ ಲೈಸೆನ್ಸಿನ ಬೋರ್ ಕೂಡ ಅದೇ ಅರ್ಥದ್ದು: ಕೊರೆದ ತೂತಿನ ಅಗಲ. ಆರೂವರೆ ಇಂಚಿನ ಬೋರಿಗೆ ಎಂಟಿಂಚಿನ ಕೇಸಿಂಗ್ ಇಳಿಯುವುದಿಲ್ಲ ಎಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬಂದೂಕಿನ ನಳಿಕೆಯ ಲೆಕ್ಕವೂ ಅಷ್ಟೇ. ಇಲ್ಲಿ ಅಳತೆ ತಪ್ಪಿದರೆ ಒಂದು ಕಡೆ ಕೈಯಲ್ಲೇ ಸಿಡಿಯುವ ಅಪಾಯ, ಇನ್ನೊಂದು ಕಡೆ ಜೈಲು.

ಮೊದಲ ಸಲ ಕೈಬಂದೂಕು ಕೊಳ್ಳುವವರು ಸಾಮಾನ್ಯವಾಗಿ ಕಂಪನಿ, ತೂಕ, ಬೆಲೆ ಕೇಳುತ್ತಾರೆ. ಮೊದಲು ನೋಡಬೇಕಾದದ್ದು ಲೈಸೆನ್ಸಿನ ಬೋರ್ ಅಂಕಣ. ಯಾವ ಆಯುಧ ಸಿಗುತ್ತದೆ, ಯಾವ ತೋಟಾ ಸಿಗುತ್ತದೆ ಎಂಬುದನ್ನೆಲ್ಲ ಆ ಒಂದು ಸಂಖ್ಯೆಯೇ ನಿರ್ಧರಿಸುತ್ತದೆ.

ನಮ್ಮಲ್ಲಿ ಸಿಗುವ ಕೈಬಂದೂಕುಗಳಲ್ಲಿ ಹೆಚ್ಚಿನವು .32 ಬೋರಿನವು, ಬಾಯಿಮಾತಿನಲ್ಲಿ 'ಪಾಯಿಂಟ್ ತ್ರೀ ಟೂ'. ಅಂದರೆ ಒಂದು ಇಂಚಿನ ನೂರರಲ್ಲಿ ಮೂವತ್ತೆರಡು ಪಾಲು. ಮಿಲಿಮೀಟರಿನಲ್ಲಿ ಇದನ್ನೇ 7.65 ಎಂದು ಬರೆಯುತ್ತಾರೆ. ಗಣಿತ ಬಲ್ಲವರಿಗೆ ಇದು ಸರಿಬರುವುದಿಲ್ಲ, ಏಕೆಂದರೆ .32 ಇಂಚು ಎಂದರೆ ಎಂಟು ಮಿಲಿಮೀಟರಿಗಿಂತ ತುಸು ಹೆಚ್ಚೇ ಆಗುತ್ತದೆ. ಕಾರಣ ನಳಿಕೆಯ ಒಳಗಿದೆ. ಗುಂಡು ಗಿರಗಿರನೆ ತಿರುಗುತ್ತಾ ನೇರ ಹೋಗಲಿ ಎಂದು ಒಳಗೋಡೆಯಲ್ಲಿ ಸುರುಳಿ ಗೀರು ಕೊರೆದಿರುತ್ತಾರೆ. ಗೀರುಗಳ ನಡುವೆ ಉಳಿದ ಎದುರುಬದುರು ದಿಬ್ಬಗಳಿಂದ ಅಳೆದರೆ ಒಂದು ಅಳತೆ, ಗೀರುಗಳ ತಳದಿಂದ ಅಳೆದರೆ ತುಸು ದೊಡ್ಡ ಅಳತೆ. ನಿಜವಾದ ಗುಂಡಿನ ಅಗಲ .312 ಇಂಚು, ಸುಮಾರು 7.9 ಮಿಲಿಮೀಟರ್. ಹೀಗಾಗಿ .32 ಎಂಬುದನ್ನು ಒಂದು ಹೆಸರು ಎಂದುಕೊಳ್ಳುವುದೇ ಸರಿ. ವರ್ನಿಯರ್ ಹಿಡಿದು ತಾಳೆ ನೋಡಲು ಹೋದರೆ ಗೊಂದಲವಷ್ಟೇ.

ಹಳ್ಳಿಗಳಲ್ಲಿ ಬೆಳೆ ಕಾಯಲು ಇಟ್ಟುಕೊಂಡಿರುವ 12 ಬೋರ್ ಬಂದೂಕಿನ ಲೆಕ್ಕ ಪೂರಾ ಬೇರೆ. ಆ ನಳಿಕೆಗೆ ಸರಿಯಾಗಿ ಕೂರುವ ಸೀಸದ ಗುಂಡು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಅದರ ಬೋರ್. ಹನ್ನೆರಡು ಗುಂಡಿಗೆ ಒಂದು ಪೌಂಡ್ ಆದರೆ 12 ಬೋರ್, ಹದಿನಾರು ಬೇಕಾದರೆ 16 ಬೋರ್. ಅದಕ್ಕೇ ಸಂಖ್ಯೆ ಏರಿದಂತೆ ತೂತು ಕಿರಿದಾಗುತ್ತದೆ. 12 ಬೋರಿನ ನಳಿಕೆ 18.5 ಮಿಲಿಮೀಟರ್ ಅಗಲ, ಒಳಗೆ ಗೀರಿಲ್ಲ, ನುಣುಪು. ಹಂದಿ, ಕರಡಿ ಕಾಟಕ್ಕೆಂದು ಕೈಬಂದೂಕು ಕೇಳುವವರೂ ಇದ್ದಾರೆ, ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯುವ ಅನುಮತಿ ಸಿಕ್ಕಂತಲ್ಲ. ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ.

ಬೋರ್ ಅಂಕಣದ ಪಕ್ಕದಲ್ಲೇ ಓಡಾಡುವ ಇನ್ನೊಂದು ಮಾತು ಎನ್‌ಪಿಬಿ, ಅಂದರೆ ನಿಷೇಧಿತವಲ್ಲದ ಬೋರ್. ಇದರ ಎದುರು ಪಿಬಿ, ನಿಷೇಧಿತ ಬೋರ್. ಹೆಚ್ಚು ಬಲವಿದ್ದದ್ದು ನಿಷೇಧಿತ, ಕಡಿಮೆ ಬಲದ್ದು ಅಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸೇನೆ, ಪೊಲೀಸರ ತೋಟಾ ಯಾವ ನಳಿಕೆಯಲ್ಲಿ ಹಾಯುತ್ತದೋ ಅದು ನಿಷೇಧಿತ. 9 ಎಂಎಂ, .45, ಹಳೆಯ ಬ್ರಿಟಿಷ್ ಕಾಲದ .380 ಮತ್ತು .455, ಇವೆಲ್ಲ ಪಿಬಿ. .22, .25, .32 ಎನ್‌ಪಿಬಿ. 9 ಎಂಎಂಗಿಂತ ಬಲವಾಗಿ ಒದೆಯುವ .357 ಮ್ಯಾಗ್ನಂ ಕೂಡ ಎನ್‌ಪಿಬಿ ಎಂಬುದನ್ನು ನೋಡಿದರೆ ವಿಂಗಡಣೆಯ ಹಿಂದಿನ ಲೆಕ್ಕ ತಿಳಿಯುತ್ತದೆ: ಸರ್ಕಾರಿ ತೋಟಾ ಖಾಸಗಿ ಕೈಗೆ ಸೋರಬಾರದು. ಎನ್‌ಪಿಬಿ ಕೈಬಂದೂಕಿನ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಡಿಸಿ. ಪಿಬಿ ವಿಚಾರ ಕೇಂದ್ರ ಗೃಹ ಸಚಿವಾಲಯದ್ದು, ಸಾಮಾನ್ಯ ಅರ್ಜಿದಾರ ಅದರ ಗೊಡವೆಗೆ ಹೋಗದಿರುವುದೇ ಲೇಸು. ಲೈಸೆನ್ಸ್ ಇಲ್ಲದೆ ಪಿಬಿ ಆಯುಧ ಸಿಕ್ಕರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಶಿಕ್ಷೆ 7ರಿಂದ 14 ವರ್ಷ.

ಈಗ ಮುಖ್ಯ ತೊಡಕಿಗೆ ಬರೋಣ. .32 ಎಂದು ಬರೆದಿದ್ದರೂ ತೋಟಾ ಒಂದೇ ಅಲ್ಲ, ಎರಡು ಜಾತಿ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸ್ಸನ್) ಲಾಂಗ್, ಅಥವಾ 7.65×23; ಎರಡನೆಯ ಸಂಖ್ಯೆ ಮಿಲಿಮೀಟರಿನಲ್ಲಿ ಚಿಪ್ಪಿನ ಉದ್ದ. ಇದರ ಹಿತ್ತಾಳೆ ಚಿಪ್ಪು ಉದ್ದ, ತಳದಲ್ಲಿ ಎದ್ದು ಕಾಣುವ ಅಂಚು. ಆ ಅಂಚೇ ತೋಟಾವನ್ನು ಸಿಲಿಂಡರಿನ, ಅಂದರೆ ತೋಟಾ ತುಂಬುವ ತಿರುಗು ಉರುಳೆಯ, ತೂತಿನಲ್ಲಿ ಮುಂದಕ್ಕೆ ಜಾರದಂತೆ ಹಿಡಿಯುವುದು. ಪಿಸ್ತೂಲಿನದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್), ಅಥವಾ 7.65×17. ಚಿಪ್ಪು ಗಿಡ್ಡ, ಅಂಚು ಮೈಗಿಂತ ಕೂದಲೆಳೆಯಷ್ಟೇ ಹೊರಗೆ. ಎರಡನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟರೆ ಮಕ್ಕಳಿಗೂ ವ್ಯತ್ಯಾಸ ಗೊತ್ತಾಗುತ್ತದೆ, ಡಬ್ಬಿಯ ಮೇಲಿನ .32 ಮಾತ್ರ ನೋಡಿ ತಂದರೆ ಗೊತ್ತಾಗುವುದಿಲ್ಲ.

ಉದ್ದದ ತೋಟಾ ಪಿಸ್ತೂಲಿನ ಮ್ಯಾಗಜೀನಿಗೆ (ಹಿಡಿಕೆಯೊಳಗೆ ಕೂರುವ ತೋಟಾ ಡಬ್ಬಿಗೆ) ಕೂರುವುದೇ ಇಲ್ಲ, ಅಲ್ಲಿಗೆ ಮುಗಿಯಿತು. ಅಪಾಯ ಇರುವುದು ತಿರುವುಮುರುವಾದಾಗ. ಗಿಡ್ಡ ಎಸಿಪಿ ತೋಟಾ ಕೆಲವು ರಿವಾಲ್ವರುಗಳ ತೂತಿನಲ್ಲಿ ಹೇಗೋ ಕೂತುಬಿಡುತ್ತದೆ. ಎಸಿಪಿಯ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್, ಎಸ್ ಅಂಡ್ ಡಬ್ಲ್ಯೂ ಲಾಂಗಿನದು 15,000. ಹದಿನೈದು ಸಾವಿರಕ್ಕೆ ಕಟ್ಟಿದ ಸಿಲಿಂಡರಿನಲ್ಲಿ ಇಪ್ಪತ್ತು ಸಾವಿರದ ತೋಟಾ ಹಾರಿಸಿದರೆ ಇವತ್ತೇ ಒಡೆಯಲಿಕ್ಕಿಲ್ಲ. ಆದರೆ ಕೀಲು, ಕೊಂಡಿ ಸಡಿಲವಾಗುತ್ತವೆ, ಸಿಲಿಂಡರ್ ಬಿರುಕು ಬಿಡಬಹುದು. ಅಂಗಡಿಯಲ್ಲಿ "ಅಣ್ಣಾ, ಪಾಯಿಂಟ್ ತ್ರೀ ಟೂ ಕೊಡ್ರಿ" ಅಂದರೆ ಸಾಲದು. ರಿವಾಲ್ವರಿಗೋ ಪಿಸ್ತೂಲಿಗೋ ಹೇಳಬೇಕು, ಡಬ್ಬಿ ಬಿಚ್ಚಿಸಿ ಒಂದು ತೋಟಾ ಕೈಯಲ್ಲಿ ಹಿಡಿದು ನೋಡಬೇಕು.

ಗುಂಡು, ತೋಟಾ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ರೂಢಿ. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಚಿಪ್ಪು, ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಮೊಳೆ ಪ್ರೈಮರಿಗೆ ಬಡಿಯುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ನಳಿಕೆಯಿಂದ ಹೊರಗೆ ತಳ್ಳುತ್ತದೆ. ಮುಂದಿನ ತೋಟಾ ಹೇಗೆ ಬಂದು ಕೂರುತ್ತದೆ ಎಂಬುದರಲ್ಲೇ ರಿವಾಲ್ವರಿಗೂ ಪಿಸ್ತೂಲಿಗೂ ಇರುವ ವ್ಯತ್ಯಾಸ.

ರಿವಾಲ್ವರಿನಲ್ಲಿ ಆ ಕೆಲಸ ಮಾಡುವುದು ನಿಮ್ಮ ಬೆರಳು. ಟ್ರಿಗರ್ ಎಳೆಯುತ್ತಿದ್ದಂತೆ ಒಂದು ಸಣ್ಣ ಕೊಕ್ಕೆ ಸಿಲಿಂಡರನ್ನು ಒಂದು ಮನೆ, ಅಂದರೆ ಒಂದು ತೂತಿನಷ್ಟು, ತಿರುಗಿಸುತ್ತದೆ, ಹ್ಯಾಮರ್ (ಹಿಂಭಾಗದ ಸುತ್ತಿಗೆ) ಹಿಂದಕ್ಕೆ ಹೋಗಿ ಬೀಳುತ್ತದೆ. ಇದು ಡಬಲ್ ಆಕ್ಷನ್. ಮೊದಲೇ ಹೆಬ್ಬೆರಳಲ್ಲಿ ಹ್ಯಾಮರ್ ಎಳೆದಿಟ್ಟು ಟ್ರಿಗರನ್ನು ಹಗುರವಾಗಿ ಒತ್ತಿದರೆ ಸಿಂಗಲ್ ಆಕ್ಷನ್. ಡಬಲ್ ಆಕ್ಷನ್ ಎಳೆತ ಭಾರ, ಹೊಸಬರು ಬೆರಳಿನ ಬದಲು ಇಡೀ ಮುಷ್ಟಿ ಹಿಂಡುತ್ತಾರೆ, ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ.

ಕಾನ್ಪುರದ ಆರ್ಡ್ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಬ್ರಿಟಿಷ್ ವೆಬ್ಲಿ ಮಾದರಿಯದು: ಆರು ತೋಟಾ, ಕೊಂಡಿ ಒತ್ತಿದರೆ ನಳಿಕೆ ಮುಂದಕ್ಕೆ ಬಗ್ಗಿ ತೆರೆದುಕೊಳ್ಳುತ್ತದೆ. ಬಗ್ಗಿಸುವಾಗ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು ಖಾಲಿ ಚಿಪ್ಪುಗಳನ್ನು ಎತ್ತುತ್ತದೆ. ಹೊಸಬರು ಅಂಜುತ್ತಾ ಅರ್ಧ ಬಗ್ಗಿಸುತ್ತಾರೆ. ತಟ್ಟೆ ಮತ್ತೆ ಕೆಳಗೆ ಕೂರುವಾಗ ಒಂದು ಚಿಪ್ಪಿನ ಅಂಚು ಅದರಡಿ ಸಿಕ್ಕಿಕೊಂಡು ಆಯುಧ ಮುಚ್ಚುವುದೇ ಇಲ್ಲ. ತೂತುಗಳ ಬಾಯಿ ನೆಲದ ಕಡೆ ಬರುವಂತೆ ಓರೆ ಮಾಡಿ, ಒಂದೇ ಸಲಕ್ಕೆ ಪೂರ್ತಿ ಬಗ್ಗಿಸಿದರೆ ಚಿಪ್ಪುಗಳು ತಾವೇ ಉದುರುತ್ತವೆ. 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಟೈಟೇನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. 2023ರ ಪ್ರಬಲ್ ರಿವಾಲ್ವರಿನಲ್ಲಿ ನಳಿಕೆ ಬಗ್ಗುವುದಿಲ್ಲ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ತೂಕ 700 ಗ್ರಾಂ ಆಸುಪಾಸು. ಹಗುರವಾದದ್ದು ಒಳ್ಳೆಯದು ಎನ್ನುವುದು ಸೊಂಟಕ್ಕೆ ಕಟ್ಟಿಕೊಳ್ಳುವಾಗ ನಿಜ, ಹಾರಿಸುವಾಗ ಸುಳ್ಳು. ತೂಕ ಕಡಿಮೆಯಾದಷ್ಟೂ ಕೈಗೆ ಹೊಡೆತ ಜಾಸ್ತಿ.

ಪಿಸ್ತೂಲಿನಲ್ಲಿ ಮುಂದಿನ ತೋಟಾ ಏರಿಸುವುದು ಹಿಂದಿನ ತೋಟಾದ ಬಲ. .32ರ ಒತ್ತಡ ಸಾಧಾರಣ, ಆದ್ದರಿಂದ ಸ್ಲೈಡನ್ನು, ಅಂದರೆ ನಳಿಕೆಯ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಹೊದಿಕೆಯನ್ನು, ಹಿಡಿದಿಡುವ ಬೀಗ ಬೇಕಿಲ್ಲ: ಅದರ ತೂಕ ಮತ್ತು ಸ್ಪ್ರಿಂಗ್ ಎರಡೇ ಸಾಕು. ಗುಂಡು ಮುಂದೆ ಹೋದಂತೆ ಚಿಪ್ಪು ಸ್ಲೈಡನ್ನು ಹಿಂದೆ ದಬ್ಬುತ್ತದೆ, ಚಿಪ್ಪು ಹೊರಗೆ ಹಾರುತ್ತದೆ, ಸ್ಪ್ರಿಂಗ್ ಸ್ಲೈಡನ್ನು ಮುಂದೆ ತರುವಾಗ ಮ್ಯಾಗಜೀನಿನಿಂದ ಮೇಲಿನ ತೋಟಾ ಎಳೆದುಕೊಂಡು ಬರುತ್ತದೆ. ಮಣಿಕಟ್ಟು ಸಡಿಲ ಹಿಡಿದರೆ ಸ್ಲೈಡಿಗೆ ಆತು ಹಿಂದೆ ಹೋಗಲು ಆಧಾರವಿರುವುದಿಲ್ಲ, ಖಾಲಿ ಚಿಪ್ಪು ಅರ್ಧ ಹೊರಬಂದು ನೆಟ್ಟಗೆ ನಿಂತುಬಿಡುತ್ತದೆ. ಮ್ಯಾಗಜೀನಿನ ಮೇಲಿನ ತುಟಿ ಬಗ್ಗಿದ್ದರೂ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ, ಕೆಳಗೆ ಬೀಳಿಸಿದ ಮ್ಯಾಗಜೀನುಗಳ ರೋಗ ಅದು.

ಪಿಸ್ತೂಲಿನ ವಿಷಯದಲ್ಲಿ ಜನರ ಜೀವ ತೆಗೆಯುವ ತಪ್ಪು ಒಂದೇ: ಮ್ಯಾಗಜೀನ್ ತೆಗೆದ ಕೂಡಲೇ ಖಾಲಿ ಅಂದುಕೊಳ್ಳುವುದು. ನಳಿಕೆಯಲ್ಲಿ ಒಂದು ತೋಟಾ ಉಳಿದೇ ಇರಬಹುದು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು, ಕಣ್ಣಲ್ಲಿ ನೋಡಿ ಕಿರುಬೆರಳು ಹಾಕಿ ಮುಟ್ಟಬೇಕು. ಕ್ರಮ ತಿರುವಾದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ನೀವು ಖಾಲಿ ಮಾಡಿದ ಜಾಗಕ್ಕೆ ಸ್ಲೈಡೇ ಇನ್ನೊಂದು ತೋಟಾ ತುಂಬಿರುತ್ತದೆ. ಮನೆಯಲ್ಲಿ ಕೈಬಂದೂಕು ಇಡುವ ಹೊಸಬರಿಗೆ ರಿವಾಲ್ವರೇ ವಾಸಿ ಎನ್ನುವುದು ಇದೇ ಕಾರಣಕ್ಕೆ. ಬಗ್ಗಿಸಿದರೆ ಆರೂ ಮನೆ ಕಣ್ಣೆದುರಿಗಿರುತ್ತವೆ.

ಯಾವುದಾದರೂ ಸರಿ, ಟ್ರಿಗರ್ ಎಳೆದೂ ಹಾರದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಮೂವತ್ತು ಸೆಕೆಂಡ್ ಕಾಯಬೇಕು. ಹಳೆಯ ತೋಟಾದ ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಅದಕ್ಕಿಂತ ಕೆಟ್ಟದ್ದು 'ಠಪ್' ಎಂದು ಮೆತ್ತಗೆ ಸದ್ದಾಗಿ ಕೈಗೆ ಹೊಡೆತವೇ ತಟ್ಟದಿರುವುದು. ಗುಂಡು ನಳಿಕೆಯಲ್ಲೇ ನಿಂತಿರುತ್ತದೆ. ಆಗ ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಅಲ್ಲಿಗೇ ನಿಲ್ಲಿಸಿ, ತೋಟಾ ತೆಗೆದು, ಲೈಸೆನ್ಸ್ ಇರುವ ದುರಸ್ತಿಗಾರನಿಗೆ ಒಯ್ಯಬೇಕು. ಮನೆಯಲ್ಲಿ ಕಬ್ಬಿಣದ ಸರಳು ಹಾಕಿ ತಿವಿದರೆ ಗೀರು ಹಾಳು.

ಇನ್ನು ಕೊಳ್ಳುವ ದಾರಿ. ವಯಸ್ಸು 21 ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ನಮೂನೆ ಎ-1ರಲ್ಲಿ ಅರ್ಜಿ, ಜೊತೆಗೆ ತರಬೇತಿ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ದೇಹ ಮನಸ್ಸು ಎರಡೂ ಸರಿಯಿದೆ ಎಂಬ ವೈದ್ಯರ ಪತ್ರ. ಠಾಣೆಯಿಂದ ವರದಿ ಹೋಗುತ್ತದೆ. 'ಜೀವಭಯ' ಎಂದು ನಾಲ್ಕಕ್ಷರ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ದೂರು ಕೊಟ್ಟ ದಾಖಲೆ, ನಗದು ಸಾಗಿಸುವ ವ್ಯಾಪಾರದ ಪುರಾವೆ, ಒಂಟಿ ತೋಟದ ಮನೆಯ ಪಹಣಿ, ಇಂಥವು ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಒಳ್ಳೆಯದೇ, ಆದರೆ ಅಲ್ಲಿ ಸಾಮಾನ್ಯವಾಗಿ ಕಲಿಸುವುದು ಉದ್ದ ಬಂದೂಕು. ಕೈಬಂದೂಕಿನ ನಳಿಕೆ ಮೂರು ನಾಲ್ಕು ಇಂಚು, ಮಣಿಕಟ್ಟು ತುಸು ತಿರುಗಿದರೂ ಪಕ್ಕದವನ ಎದೆಗೆ ನೇರ. ಅದನ್ನು ಬೇರೆಯಾಗಿ ಕಲಿಯಲೇಬೇಕು.

ಲೈಸೆನ್ಸ್ ಐದು ವರ್ಷಕ್ಕೆ, ಒಬ್ಬರಿಗೆ ಹೆಚ್ಚೆಂದರೆ ಎರಡು ಆಯುಧ. ಎರಡೂ 2019ರ ತಿದ್ದುಪಡಿಯಿಂದ ಬಂದದ್ದು. ಕೈಗೆ ಬಂದ ದಿನವೇ ಐದು ಅಂಕಣ ಓದಬೇಕು: ಆಯುಧದ ಬಗೆ, ಬೋರ್, ಕೊಳ್ಳಲು ಕೊನೆಯ ದಿನಾಂಕ, ಒಮ್ಮೆಗೆ ಮತ್ತು ವರ್ಷಕ್ಕೆ ಎಷ್ಟು ತೋಟಾ, ಯಾವ ಪ್ರದೇಶಕ್ಕೆ ಸಿಂಧು. 'ಕರ್ನಾಟಕ' ಎಂದಷ್ಟೇ ಇದ್ದರೆ ಬಳ್ಳಾರಿಯಿಂದ ಗುಂತಕಲ್ಲಿಗೆ, ರಾಯಚೂರಿನಿಂದ ಕೃಷ್ಣಾ ದಾಟಿ ತೆಲಂಗಾಣಕ್ಕೆ ಒಯ್ದರೂ ಅಪರಾಧ. ಗಡಿಜಿಲ್ಲೆಯವರು ಎಡವುವುದು ಇಲ್ಲೇ.

ಅಂಗಡಿಯಲ್ಲಿ ಆಯುಧದ ಮೇಲಿನ ಸಂಖ್ಯೆ, ಬಿಲ್, ಲೈಸೆನ್ಸ್ ಮೂರೂ ತಾಳೆಯಾಗಬೇಕು. ರಿವಾಲ್ವರಾದರೆ ಖಾಲಿ ಎಂದು ಖಚಿತಪಡಿಸಿಕೊಂಡು, ಅಂಗಡಿಯವರನ್ನು ಕೇಳಿ, ಹ್ಯಾಮರ್ ನಿಧಾನಕ್ಕೆ ಎಳೆದು ಆರೂ ಮನೆ ಒಂದೊಂದಾಗಿ ಗಟ್ಟಿಯಾಗಿ ನಿಲ್ಲುತ್ತವೆಯೇ ನೋಡಬೇಕು. ಒಂದು ಮನೆ ನಳಿಕೆಗೆ ಸರಿಯಾಗಿ ಎದುರಾಗದಿದ್ದರೆ ಗುಂಡಿನ ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಹೊಸದರಲ್ಲೂ ಈ ದೋಷ ಇರಬಹುದು. ವ್ಯಕ್ತಿಗಳ ಬಳಕೆಗೆ ವಿದೇಶಿ ಆಮದು 1980ರ ದಶಕದಿಂದಲೇ ನಿಂತಿರುವುದರಿಂದ ಹಳೆಯ ವೆಬ್ಲಿ, ವಾಲ್ಥರ್‌ಗೆ ಲಕ್ಷಗಟ್ಟಲೆ ಹೇಳುತ್ತಾರೆ. ಹೆಸರಿಗೆ ದುಡ್ಡು ಸುರಿಯುವ ಮೊದಲು ಬಿಡಿಭಾಗ ಸಿಗುತ್ತದೆಯೇ ಕೇಳಿ, ಬಹುತೇಕ ಸಿಗುವುದಿಲ್ಲ. ರಿವಾಲ್ವರ್, ಪಿಸ್ತೂಲುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 40ಕ್ಕೆ ಏರಿದೆ ಎಂಬುದೂ ಲೆಕ್ಕದಲ್ಲಿರಲಿ.

ಮನೆಯಲ್ಲಿ ತೋಟಾ ಬೇರೆ, ಆಯುಧ ಬೇರೆ, ಎರಡಕ್ಕೂ ಬೀಗ. ನಮ್ಮ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ತೋಟಾ ಬಿಟ್ಟರೆ ಮದ್ದು ಬೇಗ ಹಳಸುತ್ತದೆ. ಎಣ್ಣೆ ಸುರಿಯುವುದೂ ತಪ್ಪು. ಸಂಡೂರಿನ ಕೆಂಪು ಧೂಳು ಎಣ್ಣೆಗೆ ಅಂಟಿ ಸ್ಲೈಡಿನ ದಾರಿಯಲ್ಲಿ ಕೆಸರಾಗುತ್ತದೆ. ಬಟ್ಟೆಗೆ ಎರಡು ಹನಿ ಹಾಕಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು. ಚರ್ಮದ ಹೋಲ್‌ಸ್ಟರ್ ಒಳಗೇ ತಿಂಗಳುಗಟ್ಟಲೆ ಇಟ್ಟರೆ ಬೆವರಿನ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆ ಘೋಷಣೆಯಾದರೆ ಠಾಣೆಯಿಂದ ಕರೆ ಬರುತ್ತದೆ, ಆಯುಧ ಜಮಾ ಮಾಡಿ ಎಂದು. ಖಾಲಿ ಮಾಡಿಕೊಂಡು, ಲೈಸೆನ್ಸ್ ಜೊತೆಗೆ ಹೋಗಬೇಕು. ರಸೀದಿಯಲ್ಲಿ ಆಯುಧದ ಸಂಖ್ಯೆ, ಬೋರ್, ತೋಟಾ ಕೊಟ್ಟಿದ್ದರೆ ಎಷ್ಟು ಎಂಬುದು ಬರೆದಿದೆಯೇ ಅಲ್ಲೇ ನೋಡಿಕೊಳ್ಳಿ. ತಿಂಗಳುಗಳ ನಂತರ ವಾಪಸು ಪಡೆಯುವಾಗ ರಸೀದಿಗೂ ಆಯುಧಕ್ಕೂ ಮತ್ತೆ ತಾಳೆ ನೋಡಿ, ಹಾರಿಸುವ ಮೊದಲು ನಳಿಕೆಗೆ ಬೆಳಕು ಹಿಡಿದು ಒಳಗೆ ತುಕ್ಕು, ಜೇಡನ ಗೂಡು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.