ಪರಿಸರ ಪ್ರವಾಸಕ್ಕೆ ಹೆಚ್ಚು ಹಣ ಕೊಡಲು ಜನ ಒಪ್ಪುವುದೇಕೆ? – ಚಿಂಚೋಳಿಯನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ನಿಸರ್ಗವನ್ನು ಉಳಿಸುವ, ಸ್ಥಳೀಯರ ಬದುಕಿಗೆ ಆಸರೆಯಾಗುವ ಹೊಣೆಯರಿತ ಪ್ರವಾಸವೇ ಪರಿಸರ ಪ್ರವಾಸ ಎಂಬ ವ್ಯಾಖ್ಯೆ ನಮಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ತೊಡಕಾಗುವುದು ‘ಪಾವತಿಸುವ ಇಚ್ಛೆ’ ಎಂಬ ಪರಿಕಲ್ಪನೆ.

ಪಾವತಿಸುವ ಇಚ್ಛೆ ಬೆಲೆಯಲ್ಲ. ಒಂದು ಅನುಭವಕ್ಕಾಗಿ ಒಬ್ಬರು ಕೊಡಲು ಸಿದ್ಧರಿರುವ ಗರಿಷ್ಠ ಮೊತ್ತ. ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ, 2011ರಲ್ಲಿ ವನ್ಯಜೀವಿಧಾಮವಾದ ಕಾಡನ್ನು ನೋಡಲು ಬಂದ ಪ್ರವಾಸಿಯೊಬ್ಬರು ಸಾಧಾರಣ ವಸತಿಗೃಹದ ಕೋಣೆಗೆ 1,500 ರೂಪಾಯಿಯವರೆಗೆ ಕೊಡಬಲ್ಲರು ಎಂದಿಟ್ಟುಕೊಳ್ಳೋಣ. ಅವೇ ಅನುಕೂಲಗಳಿದ್ದು, ಕಸವನ್ನು ಕಾಡಿಗೆ ಸುರಿಯದ, ಸುತ್ತಲಿನ ತಾಂಡಾಗಳ ಯುವಕರನ್ನೇ ಮಾರ್ಗದರ್ಶಿಗಳನ್ನಾಗಿ ನೇಮಿಸಿಕೊಂಡ ಇನ್ನೊಂದು ವಸತಿಗೆ ಅವರು 2,000ದವರೆಗೆ ಕೊಡಬಲ್ಲರು. ಅದರ ಬಾಡಿಗೆ 1,800. ಇಲ್ಲಿ ಪರಿಸರ ಕಾಳಜಿಗೆ ಸಲ್ಲುವ ಹೆಚ್ಚುವರಿ ಇಚ್ಛೆ 300 ರೂಪಾಯಿಯಲ್ಲ, 500 ರೂಪಾಯಿ, ಏಕೆಂದರೆ ಹೋಲಿಸಬೇಕಾದುದು ಎರಡು ಗರಿಷ್ಠ ಮೊತ್ತಗಳನ್ನೇ ಹೊರತು ಒಂದು ಗರಿಷ್ಠ ಮೊತ್ತವನ್ನೂ ಒಂದು ಬಾಡಿಗೆಯನ್ನೂ ಅಲ್ಲ. 2,000 ಮತ್ತು 1,800ರ ನಡುವಿನ 200 ರೂಪಾಯಿ ಪ್ರವಾಸಿಯ ಬಳಿಯೇ ಉಳಿಯುವ ಲಾಭ. ಅರ್ಥಶಾಸ್ತ್ರದಲ್ಲಿ ಅದೇ ಅನುಭೋಗಿಯ ಮಿಗುತೆ.

‘ಅವೇ ಅನುಕೂಲಗಳಿದ್ದು’ ಎಂಬ ಷರತ್ತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಎರಡನೆಯ ವಸತಿಯ ಕಿಟಕಿ ತೆರೆದರೆ ಚಂದ್ರಂಪಳ್ಳಿ ಜಲಾಶಯ ಕಾಣುತ್ತದೆ ಎಂದಾದರೆ, ಆ 500ರಲ್ಲಿ ಒಂದು ಪಾಲು ಕಿಟಕಿಗೆ ಸಲ್ಲುತ್ತದೆ, ಕಾಳಜಿಗಲ್ಲ. ಕೋಣೆ, ಊಟ, ನೋಟ, ದೂರ ಇವೆಲ್ಲವನ್ನೂ ಸಮವಾಗಿಟ್ಟ ಮೇಲೆ ಉಳಿಯುವ ವ್ಯತ್ಯಾಸವನ್ನಷ್ಟೇ ಪರಿಸರದ ಹೆಸರಿಗೆ ಬರೆಯಬೇಕು.

ಇನ್ನು ಕಾರಣಗಳು. ಮೊದಲನೆಯದು, ಜನಜಂಗುಳಿಯಿಲ್ಲದ, ಅಪರೂಪದ ಅನುಭವಕ್ಕೆ ಬೆಲೆಯಿದೆ. ರುವಾಂಡಾ 2017ರಲ್ಲಿ ಪರ್ವತ ಗೊರಿಲ್ಲಾ ವೀಕ್ಷಣೆಯ ಪರವಾನಗಿಯನ್ನು 750 ಡಾಲರ್‌ನಿಂದ 1,500 ಡಾಲರ್‌ಗೆ ಏರಿಸಿತು. ಒಂದು ತಂಡದಲ್ಲಿ ಹೆಚ್ಚೆಂದರೆ ಎಂಟು ಜನ, ಗೊರಿಲ್ಲಾಗಳ ಬಳಿ ಇರಲು ಒಂದು ಗಂಟೆ ಮಾತ್ರ. ಎರಡನೆಯದು, ಒಳ್ಳೆಯ ಕೆಲಸಕ್ಕೆ ಕೊಟ್ಟೆ ಎಂಬ ಮನಸ್ಸಿನ ತೃಪ್ತಿ; ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ ಇದನ್ನು ‘ವಾರ್ಮ್ ಗ್ಲೋ’ ಎಂದು ಕರೆದು ಸಿದ್ಧಾಂತಕ್ಕೆ ಸೇರಿಸಿದರು. ತಾನು ಮತ್ತೆಂದೂ ಬರದಿದ್ದರೂ ಆ ಕಾಡು ಇರಲಿ ಎಂಬ ಅಸ್ತಿತ್ವ ಮೌಲ್ಯವೂ ಇದರೊಡನೆ ಸೇರುತ್ತದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಗಟ್ಟಿಯಾದ ಕಾರಣ ನಂಬಿಕೆ. ತಾಂಡಾದ ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ಕುಳಿತು ಬಡಿದುಕೊಟ್ಟ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಮಾಡಿ ಆಕೆಯ ಕೈಗೇ ಹಣ ಕೊಡುವಾಗ, ಅದು ಯಾರಿಗೆ ಸೇರಿತು ಎಂಬ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ‘ಪರಿಸರ ಶುಲ್ಕ’ ಎಂದು ರಸೀದಿಯ ಕೊನೆಯ ಸಾಲಿನಲ್ಲಿ ಮುದ್ರಿಸಿದ ಮೊತ್ತಕ್ಕೆ ಆ ಬಲವಿಲ್ಲ. ರುವಾಂಡಾ ದರ ಏರಿಸಿದಾಗಲೇ ರಾಷ್ಟ್ರೀಯ ಉದ್ಯಾನಗಳ ಸುತ್ತಲಿನ ಸಮುದಾಯಗಳ ಪಾಲನ್ನು ಪ್ರವಾಸೋದ್ಯಮ ಆದಾಯದ ಶೇ. 5ರಿಂದ 10ಕ್ಕೆ ಹೆಚ್ಚಿಸಿದ್ದನ್ನು ಇದೇ ಬೆಳಕಿನಲ್ಲಿ ಓದಬೇಕು.

ಅಳೆಯುವ ವಿಧಾನದ ಬಗ್ಗೆ ಒಂದು ಎಚ್ಚರಿಕೆ. ಕೇಳಿದಾಗ ಹೇಳುವ ಮೊತ್ತಕ್ಕೂ ಜೇಬಿನಿಂದ ತೆಗೆಯುವ ಮೊತ್ತಕ್ಕೂ ಅಂತರವಿರುತ್ತದೆ. ಇಂಥ ಸಮೀಕ್ಷೆಗಳನ್ನು ಪರಿಶೀಲಿಸಲು ಅಮೆರಿಕದಲ್ಲಿ ನೇಮಕವಾದ, ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿಯು 1993ರಲ್ಲಿ, ‘ಎಷ್ಟು ಕೊಡುತ್ತೀರಿ?’ ಎನ್ನುವ ಬದಲು ನಿರ್ದಿಷ್ಟ ಮೊತ್ತ ಹೇಳಿ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಪಡೆಯಬೇಕೆಂದೂ, ಆ ಹಣಕ್ಕೆ ಬೇರೆ ಖರ್ಚುಗಳಿವೆ ಎಂಬುದನ್ನು ನೆನಪಿಸಬೇಕೆಂದೂ ಶಿಫಾರಸು ಮಾಡಿತು. ಚಂದ್ರಂಪಳ್ಳಿಯಲ್ಲಿ ಸಮೀಕ್ಷೆ ಮಾಡುವವರು ಪ್ರಶ್ನೆಯನ್ನು ಹೀಗೆ ಇಡಬಹುದು: ‘ಪ್ರವಾಸದ ಉಳಿದ ಖರ್ಚನ್ನೂ ಗಮನದಲ್ಲಿಟ್ಟುಕೊಂಡು ಹೇಳಿ, ತಾಂಡಾದ ಮಾರ್ಗದರ್ಶಿಗಳ ಕೂಲಿಗೇ ಹೋಗುವುದಾದರೆ ಪ್ರವೇಶ ಶುಲ್ಕದ ಮೇಲೆ 50 ರೂಪಾಯಿ ಹೆಚ್ಚು ಕೊಡುವಿರಾ?’ ಒಬ್ಬರಿಗೆ 50, ಇನ್ನೊಬ್ಬರಿಗೆ 100, ಮತ್ತೊಬ್ಬರಿಗೆ 200 ಎಂದು ಮೊತ್ತವನ್ನು ಬದಲಿಸುತ್ತ ಕೇಳಿದರೆ, ಯಾವ ಹಂತದಲ್ಲಿ ‘ಹೌದು’ಗಳು ಕಡಿಮೆಯಾಗುತ್ತವೆ ಎಂಬುದರಿಂದ ಇಚ್ಛೆಯ ಅಂದಾಜು ಸಿಗುತ್ತದೆ.