ಸಂಗ್ರಹಾಲಯದ ಹ್ಯಾಮ್ ಸ್ಟೇಷನ್: ನನ್ನ ತಲೆ ತಿಂದ ಆ 6 ಡೆಸಿಬೆಲ್

ಸಂಗ್ರಹಾಲಯಗಳಲ್ಲಿ ಸ್ಮರಣೆ ದಿನ ಬಂದಾಗ ಹ್ಯಾಮ್ (ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರ) ಕ್ಲಬ್‌ನವರು ಜನರ ಎದುರೇ ರೇಡಿಯೋ ಸ್ಟೇಷನ್ ಹೂಡುತ್ತಾರಲ್ಲ, ಅದರ ಬಗ್ಗೆ ಓದಿದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಒಳ್ಳೆಯ ಉದಾಹರಣೆ ಅಂತರರಾಷ್ಟ್ರೀಯ ಮಾರ್ಕೋನಿ ದಿನ. ರೇಡಿಯೋ ಸಂಪರ್ಕದ ಪ್ರವರ್ತಕ ಗುಗ್ಲಿಯೆಲ್ಮೋ ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು. ಆ ತಾರೀಕಿಗೆ ಹತ್ತಿರದ ಶನಿವಾರ, ಅವರ ಕೆಲಸದ ನಂಟಿರುವ ಜಾಗಗಳಿಂದ ಹ್ಯಾಮ್‌ಗಳು ಮಾತಾಡುತ್ತಾರೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಪೋಲ್ಡು ಅಂಥದ್ದೊಂದು ಜಾಗ. 1901ರ ಡಿಸೆಂಬರ್ 12ರಂದು ಅಲ್ಲಿಂದ ಹೊರಟ, ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದ ‘ಎಸ್’, ಅಂದರೆ ಮೂರು ಚುಕ್ಕಿ, ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿಸಿತು ಅಂತ ಮಾರ್ಕೋನಿ ಹೇಳಿದರು. ನಂಬದವರು ಈಗಲೂ ಇದ್ದಾರೆ, ಅದು ಬೇರೆ ಕಥೆ. ಪೋಲ್ಡುವಿನ ಕ್ಲಬ್‌ನ ಕಾಲ್ ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು) ಜಿಬಿ2ಜಿಎಂ. ಕೊನೆಯ ಜಿಎಂ ಯಾರು ಅಂತ ಗೊತ್ತಾಯಿತಲ್ವಾ?

ಸಿಕ್ಯೂ ಅಂತ ಕರೆಯೋದು (‘ಯಾರಾದರೂ ಮಾತಿಗೆ ಬನ್ನಿ’ ಅಂತ), ಲಾಗ್ ಪುಸ್ತಕದಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಬರೆಯೋದು, ಆಮೇಲೆ ಮಾತಾಡಿದ್ದಕ್ಕೆ ಖಾತ್ರಿಯಾಗಿ ಕ್ಯುಎಸ್‌ಎಲ್ ಕಾರ್ಡ್ ಕಳಿಸೋದು, ಇವೆಲ್ಲ ಸುಲಭ. ನಾನು ಮುಗ್ಗರಿಸಿದ್ದು, ಎದುರಿನವರ ಸಿಗ್ನಲ್ ಹೇಗೆ ಕೇಳಿಸಿತು ಅಂತ ಹೇಳುವ ‘59’ ಎಂಬ ವರದಿಯಲ್ಲಿ. 5 ಅಂದರೆ ಮಾತು ಪೂರ್ತಿ ಸ್ಪಷ್ಟ. 9 ಅಂದರೆ ಸಿಗ್ನಲ್‌ನ ಬಲ. ಮೋರ್ಸ್‌ನಲ್ಲಾದರೆ ಸ್ವರದ ಗುಣಕ್ಕೆ ಮೂರನೇ ಅಂಕಿ ಸೇರಿ 599 ಆಗುತ್ತದೆ.

ಈ ಬಲ ಅಳೆಯುವ ಎಸ್ ಮೀಟರ್‌ನಲ್ಲಿ ಎಸ್1ರಿಂದ ಎಸ್9ರವರೆಗೆ ಒಂದೊಂದು ಮೆಟ್ಟಿಲೂ 6 ಡೆಸಿಬೆಲ್. ಡೆಸಿಬೆಲ್ ಅಂದರೆ ಎಷ್ಟು ಪಟ್ಟು ಹೆಚ್ಚು ಕಡಿಮೆ ಅಂತ ಹೇಳುವ ಅಳತೆ. ‘6 ಡೆಸಿಬೆಲ್ ಅಂದರೆ ದುಪ್ಪಟ್ಟು’ ಅಂತ ಓದಿದ್ದೆ. ಹಾಗಾಗಿ ಪವರ್ ಅರ್ಧ ಮಾಡಿದರೆ ಒಂದು ಮೆಟ್ಟಿಲು ಇಳಿಯುತ್ತದೆ ಅಂದುಕೊಂಡೆ. ತಪ್ಪು! ದುಪ್ಪಟ್ಟಾಗೋದು ವೋಲ್ಟೇಜ್. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ 2 ಪಟ್ಟಾದರೆ ಪವರ್ 4 ಪಟ್ಟು. ಪವರ್ ಬರೀ 2 ಪಟ್ಟಾದರೆ ಅದು 3 ಡೆಸಿಬೆಲ್, ಅರ್ಧ ಮೆಟ್ಟಿಲು ಅಷ್ಟೇ. ಎಚ್‌ಎಫ್‌ನಲ್ಲಿ, ಅಂದರೆ ಶಾರ್ಟ್‌ವೇವ್‌ನಲ್ಲಿ, ಎಸ್9 ಅಂದರೆ ರಿಸೀವರ್‌ಗೆ 50 ಮೈಕ್ರೋವೋಲ್ಟ್. ಎಸ್8 ಅಂದರೆ 25, ಎಸ್7 ಅಂದರೆ 12.5. ಈ ಸಾಲನ್ನು ಕೈಯಲ್ಲಿ ಬರೆದ ಮೇಲೆಯೇ ನನಗೆ ತಲೆಗೆ ಹತ್ತಿದ್ದು.

ನನ್ನ ಅಡ್ಡದಾರಿ: ಪವರ್ ಕಾಲು ಭಾಗಕ್ಕಿಳಿದರೆ ಒಂದು ಮೆಟ್ಟಿಲು ಕೆಳಗೆ. 100 ವ್ಯಾಟ್‌ಗೆ ಆ ಕಡೆಯವರು ಎಸ್9 ಕೊಟ್ಟರು ಅನ್ನಿ. 25 ವ್ಯಾಟ್‌ಗೆ ಎಸ್8. 6 ವ್ಯಾಟ್ ಚಿಲ್ಲರೆಗೆ ಎಸ್7. ಆಗಲೂ ಆರಾಮಾಗಿ ಮಾತಾಡಬಹುದು. ಆಂಟೆನಾ ಹತ್ತಿರ ಮಕ್ಕಳು ಓಡಾಡುವ ಜಾಗದಲ್ಲಿ ಪವರ್ ಇಳಿಸೋಕೆ ಹಿಂದೆಮುಂದೆ ನೋಡಬೇಕಿಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. ಒಂದು ಮಾತು: ಎಲ್ಲ ಮೀಟರ್‌ಗಳೂ ಈ ಲೆಕ್ಕ ಪಾಲಿಸೋದಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಂತೂ ಸುಮ್ನೆ ಅಂದಾಜು.

ಇನ್ನೊಂದು ಗೊಂದಲ ಬೇಗ ಬಿಡಿಸಿಕೊಂಡೆ. ಕಟ್ಟಡದೊಳಗಿನ ಎಲ್‌ಇಡಿ ದೀಪ, ಪ್ರದರ್ಶನದ ಪರದೆಗಳಿಂದ ಗೊರಗೊರ ಸದ್ದು ಜಾಸ್ತಿ. ಆ ಸದ್ದೇ ಎಸ್7 ಇದ್ದರೆ ಎಸ್5ರಲ್ಲಿ ಕರೆಯುವವರು ಅದರಲ್ಲಿ ಮುಳುಗಿಹೋಗುತ್ತಾರೆ. ಆಗ ನಮ್ಮ ಪವರ್ ಏರಿಸಿದರೆ ಏನೂ ಬದಲಾಗೋದಿಲ್ಲ. ನಮ್ಮ ಬಾಯಿ ದೊಡ್ಡದಾಗುತ್ತದೆ, ಕಿವಿ ಅಷ್ಟೇ ಇರುತ್ತದೆ. ಆಂಟೆನಾವನ್ನು ಕಟ್ಟಡದಿಂದ ದೂರ ಎಳೆಯಬೇಕು. ಇಲ್ಲವೇ ಒಂದೊಂದೇ ದೀಪ ಆರಿಸಿ ಕಳ್ಳ ಯಾವುದು ಅಂತ ಹುಡುಕಬೇಕು, ಸಂಗ್ರಹಾಲಯದವರನ್ನು ಕೇಳಿಕೊಂಡೇ!